ಹೆಣ ಹೊತ್ತವರು, ಹೊಣೆ ಹೊತ್ತವರು

ನಮ್ಮ ದೊಡ್ಡಪ್ಪನಿಗೆ ಕಿವಿ ಮಂದ, ಪೇಪರ್ ಹುಚ್ಚು ಜಾಸ್ತಿ. ಕನ್ನಡಕ ಒಡೆದುಹೋದ ಮೇಲೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. 2005ರ ಬೇಸಿಗೆ. ಯಗಟಿಯ ಮನೆ ಜಗಲಿ. ಮಲೆನಾಡಿನ ಕಡೆ ಕೊಲೆಯಾಗಿದೆ, ನಕ್ಸಲರು ಅದರ ಹೊಣೆ ಹೊತ್ತಿದ್ದಾರೆ ಎಂದು ಗಂಟಲು ಹರಿಯುವ ಹಾಗೆ ಓದಿದೆ.

“ಏನ್ ಹೊತ್ರು ಅಂದೆ?”

“ಹೊಣೆ, ದೊಡ್ಡಪ್ಪ.”

“ಹೆಣಾನಾ? ಕೊಂದೋರೇ ಹೊತ್ರಾ?” ದೊಡ್ಡಪ್ಪ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದರು. “ಪರ್ವಾಗಿಲ್ಲ ಕಣ್ಲಾ. ಇನ್ನೂ ಒಂಚೂರು ಧರ್ಮ ಉಳ್ಕಂಡೈತೆ.”

ತಿದ್ದೋಣ ಎಂದು ಬಾಯಿ ತೆರೆದೆ. ತಿದ್ದಿ ಏನು ಹೇಳುವುದು? ಕೊಂದವರು ಹೆಣ ಹೊರಲಿಲ್ಲ, ಅದನ್ನು ಅಲ್ಲೇ ಬಿಟ್ಟು ಬರೀ ಹೊಣೆ ಹೊತ್ತುಕೊಂಡು ಹೋದರು ಎಂದರೆ, ಆ ಮನುಷ್ಯ “ಅದೆಂಥದ್ಲಾ ಅದು, ಎಷ್ಟ್ ಕೇಜಿ ಬರ್ತದೆ?” ಎಂದು ಕೇಳುವುದು ಖಂಡಿತ. ಸುಮ್ಮನೆ ಪುಟ ತಿರುಗಿಸಿ ಕೊಬ್ಬರಿ ರೇಟು ಓದಿದೆ.

ಆವತ್ತಿನಿಂದ ನನಗೊಂದು ರೋಗ ಅಂಟಿದೆ. ಪೇಪರಿನಲ್ಲಿ ‘ಹೊಣೆ ಹೊತ್ತರು’ ಎಂದು ಕಂಡರೆ ಸಾಕು, ಹೊತ್ತವರ ಹೆಗಲು ಹುಡುಕುತ್ತೇನೆ. ಚಟ್ಟದ ಬಿದಿರು ಹೆಗಲ ಮೇಲೆ ಗೆರೆ ಬಿಡುತ್ತದೆ, ಎರಡು ದಿನ ಉರಿಯುತ್ತದೆ. ಹೊಣೆ ಹೊತ್ತ ಹೆಗಲಿಗೆ ಎಣ್ಣೆ ಹಚ್ಚಿಕೊಂಡವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ.

ನಮ್ಮದು ಚಿಕ್ಕಮಗಳೂರು ಜಿಲ್ಲೆ. ಹಾಗೆಂದರೆ ಬೆಂಗಳೂರಿನವರು “ಅಯ್ಯೋ, ಕಾಫಿ, ಮಂಜು, ಹೋಂಸ್ಟೇ!” ಎಂದು ಕಣ್ಣರಳಿಸುತ್ತಾರೆ. ಅವರಿಗೆ ಯಗಟಿ ತೋರಿಸಬೇಕು. ಕಡೂರು ತಾಲ್ಲೂಕಿನ ಬಯಲು. ತೆಂಗು, ರಾಗಿ, ಬತ್ತಿದ ಬೋರ್‌ವೆಲ್ಲು. ಮೊಲ ಬಚ್ಚಿಟ್ಟುಕೊಳ್ಳಬೇಕಾದರೂ ಪಕ್ಕದ ತಾಲ್ಲೂಕಿಗೆ ಹೋಗಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಕಾಡಿನ ಜನರನ್ನು ಎಬ್ಬಿಸುತ್ತಾರೆಂಬ ಭಯ ಹುಟ್ಟಿದಾಗ ನಕ್ಸಲರು ಬಂದು ನೆಲೆಯೂರಿದ್ದು ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ. ನಮ್ಮ ಕಡೆ ಬರಲಿಲ್ಲ. ಬಂದಿದ್ದರೆ ಮಾರ್ಚ್ ತಿಂಗಳಲ್ಲೇ ನೀರಿಗೆ ಶರಣಾಗುತ್ತಿದ್ದರು. ಟ್ಯಾಂಕರ್ ಒಂದು ಸಾಕಿತ್ತು, ನಕ್ಸಲ್ ನಿಗ್ರಹ ಪಡೆಯ ಖರ್ಚೇ ಉಳಿಯುತ್ತಿತ್ತು. ಹೀಗಾಗಿ ನಮಗೆ ಮಲೆನಾಡಿನ ಮಳೆ ಹೇಗೋ ಮಲೆನಾಡಿನ ಸಾವೂ ಹಾಗೆಯೇ, ಪೇಪರಿನಲ್ಲಿ ಮಾತ್ರ ಬೀಳುತ್ತಿತ್ತು.

ಆ ವರ್ಷ ಬಿದ್ದದ್ದು ಜೋರು. ಫೆಬ್ರವರಿ 6ರಂದು ಮೆಣಸಿನಹಾಡ್ಯದ ಹತ್ತಿರ ಬಲ್ಲಿಗೆಯಲ್ಲಿ ಪೊಲೀಸರ ಗುಂಡಿಗೆ ನಕ್ಸಲರಾದ ಸಾಕೇತ್ ರಾಜನ್ ಮತ್ತು ಶಿವಲಿಂಗು ಸತ್ತರು. ಸಾಕೇತ್ ಪತ್ರಿಕೋದ್ಯಮ ಓದಿದವರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಜನರ ಚರಿತ್ರೆ ಬರೆದರು, ‘ಪ್ರೇಮ್’ ಎಂಬ ಹೆಸರಿನಲ್ಲಿ ಬಂದೂಕು ಹಿಡಿದರು, ಸ್ವಂತ ಹೆಸರು ಅವರಿಗೆ ವಾಪಸ್ ಸಿಕ್ಕಿದ್ದು ಹೆಣವಾದ ಮೇಲೆ. ನಾಲ್ಕು ದಿನ ಕಳೆದು, 10ರ ರಾತ್ರಿ, ಪಾವಗಡದ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ಪೊಲೀಸರ ಮೇಲೆ ದಾಳಿಯಾಯಿತು. ಬಲ್ಲಿಗೆ ಎಲ್ಲಿ, ಪಾವಗಡ ಎಲ್ಲಿ! ಸೇಡಿಗೆ ಇಂಥವನೇ ಆಗಬೇಕೆಂಬ ಹಟವಿಲ್ಲ, ಖಾಕಿ ಹಾಕಿದ್ದರೆ ಸಾಕು. ಮೇ ತಿಂಗಳಿಗೆ ಸರದಿ ಮೆಣಸಿನಹಾಡ್ಯಕ್ಕೆ ವಾಪಸ್ ಬಂತು. ಅಲ್ಲಿನ ಒಬ್ಬ ಹಳ್ಳಿಗನನ್ನು ಪೊಲೀಸರಿಗೆ ಸುದ್ದಿ ಕೊಟ್ಟವನೆಂದು ನಕ್ಸಲರು ಕೊಂದರು.

ಕೊಂದಲ್ಲಿ ಕರಪತ್ರ ಬಿಟ್ಟು ಹೋಗುವುದು ಅವರ ಪದ್ಧತಿಯಾಗಿತ್ತು. ಈ ಕರಪತ್ರವನ್ನು ನಮ್ಮೂರಿನ ತಿಥಿ ಕಾರ್ಡಿನ ಪಕ್ಕದಲ್ಲಿಟ್ಟು ನೋಡಬೇಕು. ಶಿವಗಣಾರಾಧನೆ, ವೈಕುಂಠ ಸಮಾರಾಧನೆ, ಹನ್ನೊಂದನೇ ದಿನದ ಕಾರ್ಯ ಎಂದು ಹೆಸರು ಜಾತಿಗೊಂದು. ಕಾರ್ಡು ಎಲ್ಲರದೂ ಒಂದೇ ಪ್ರೆಸ್ಸಿನದು. ಮೇಲೆ ದೇವರ ಹೆಸರು. ನಡುವೆ ಸತ್ತವರ ಫೋಟೊ, ಯಾವತ್ತು ಎಷ್ಟು ಗಂಟೆಗೆ ಹೋದರು ಎಂಬ ವಿವರ. ಕೆಳಗೆ ‘ದುಃಖತಪ್ತರು’ ಎಂದು ಬರೆದು ಹೆಂಡತಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಆಸ್ತಿಗಾಗಿ ಕೋರ್ಟು ಹತ್ತಿದ ತಮ್ಮ, ಎಲ್ಲರ ಹೆಸರು. ತಮ್ಮನ ಹೆಸರು ಬಿಟ್ಟುಹೋದರೆ ತಿಥಿಯಲ್ಲೇ ಇನ್ನೊಂದು ಕೇಸು.

ಕರಪತ್ರದಲ್ಲಿ? ಮೇಲೆ ದೇವರ ಜಾಗದಲ್ಲಿ ಕ್ರಾಂತಿಗೆ ಜಯಕಾರ. ನಡುವೆ ಸತ್ತವನ ಹೆಸರು ಮತ್ತು ಅವನ ಅಪರಾಧ. ವಿಚಾರಣೆ ಯಾವತ್ತು ನಡೆಯಿತು, ಅವನ ಪರ ವಕಾಲತ್ತು ಹಾಕಿದವರು ಯಾರು ಎಂಬುದಕ್ಕೆ ಜಾಗ ಸಾಲುವುದಿಲ್ಲ. ಕೆಳಗೆ ಒಂದು ವಲಯ ಸಮಿತಿ. ಸಮಿತಿಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಮನೆ ನಂಬರ್ ಇಲ್ಲ. ಸಹಜವಾಗಿ ಸತ್ತವನ ಕಾರ್ಡಿನಲ್ಲಿ ಇಪ್ಪತ್ತು ಹೆಸರು. ಕೊಲೆಯಾದವನ ಚೀಟಿಯ ಕೆಳಗೆ ಒಂದೂ ಇಲ್ಲ. ಇದಕ್ಕೇ ನಾವು ಪೇಪರಿನವರ ಭಾಷೆಯಲ್ಲಿ ‘ಹೊಣೆ ಹೊರುವುದು’ ಎನ್ನುತ್ತೇವೆ.

ಈ ವಿದ್ಯೆಯಲ್ಲಿ ನಮ್ಮವರು ಒಂದನೇ ಕ್ಲಾಸು. ಪಿಎಚ್.ಡಿ. ಮಾಡಿದವರನ್ನು ನೋಡಬೇಕಾದರೆ ಐರ್ಲೆಂಡಿಗೆ ಹೋಗಬೇಕು. ಬ್ರಿಟಿಷರ ವಿರುದ್ಧ ಬಂದೂಕು ಹಿಡಿದ ಅಲ್ಲಿನ ಐಆರ್‌ಎ ಸಂಘಟನೆ ಹೇಳಿಕೆಗಳಿಗೆಂದೇ ಒಬ್ಬ ಮನುಷ್ಯನನ್ನು ಇಟ್ಟುಕೊಂಡಿತ್ತು: ಪಿ. ಓನೀಲ್. ಬಾಂಬು ಹಾಕಿದ್ದು ನಾವೇ: ಪಿ. ಓನೀಲ್. ಹಾಕಿದ್ದು ನಾವಲ್ಲ: ಪಿ. ಓನೀಲ್. ವಿಷಾದಿಸುತ್ತೇವೆ: ಪಿ. ಓನೀಲ್. ಹತ್ತಾರು ವರ್ಷ ಸಹಿ ಹಾಕಿದ ಈ ಮಹಾನುಭಾವನಿಗೆ ವಯಸ್ಸಾಗಲಿಲ್ಲ, ಶೀತವಾಗಲಿಲ್ಲ, ಕೈ ನಡುಗಲಿಲ್ಲ. ಏಕೆಂದರೆ ಅಂಥವನೊಬ್ಬ ಇರಲೇ ಇಲ್ಲ. ಅದು ಸಂಘಟನೆಯ ಪ್ರಚಾರ ಕಚೇರಿಯ ಮೊಹರು. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ ಮೊಹರು ಇದ್ದು ಸಹಿ ಇಲ್ಲದ ಕಾಗದವನ್ನು ಪಿಡಿಒ ಮುಖಕ್ಕೇ ಎಸೆಯುತ್ತಾರೆ. ಅಲ್ಲಿ ಅಂಥ ಕಾಗದದ ಮೇಲೆ ಒಂದು ಯುದ್ಧವೇ ನಡೆಯಿತು.

1979ರ ಆಗಸ್ಟ್ 27ರಂದು ನಮ್ಮ ಕೊನೆಯ ವೈಸ್‌ರಾಯ್ ಮೌಂಟ್‌ಬ್ಯಾಟನ್ ದೋಣಿಯಲ್ಲಿ ಹೋಗುತ್ತಿದ್ದಾಗ ಐಆರ್‌ಎ ಬಾಂಬು ಸಿಡಿಸಿತು. ಸಂಘಟನೆ ಬಳಸಿದ ಮಾತು ಕೊಲೆ ಅಲ್ಲ, ‘ಮರಣದಂಡನೆ ಜಾರಿ’ ಎಂಬರ್ಥದ್ದು. ಸರಿಯಪ್ಪ, ವೈಸ್‌ರಾಯ್ ಸಾಹೇಬರಿಗೆ ಮರಣದಂಡನೆ. ಅದೇ ದೋಣಿಯಲ್ಲಿ ಸತ್ತ 14 ವರ್ಷದ ಮೊಮ್ಮಗನಿಗೆ ಯಾವ ದಂಡನೆ? ದೋಣಿಯಲ್ಲಿ ಕೆಲಸಕ್ಕಿದ್ದ 15 ವರ್ಷದ ಐರಿಷ್ ಹುಡುಗನಿಗೆ? ಅವನು ಯಾವ ದೇಶವನ್ನು ಒಡೆದಿದ್ದ?

ಕ್ಷಮೆಯನ್ನೂ ಅವರು ವಿಂಗಡಿಸಿ ಕೊಡುತ್ತಿದ್ದರು, ನಮ್ಮ ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವ ಹಾಗೆ. 1972ರ ಜುಲೈ 21ರಂದು ಬೆಲ್‌ಫಾಸ್ಟ್ ಊರಿನಲ್ಲಿ ಒಂದೇ ಮಧ್ಯಾಹ್ನ ಸರಣಿ ಬಾಂಬು ಸಿಡಿಸಿ 9 ಜನರನ್ನು ಕೊಂದರಲ್ಲ, ಅದಕ್ಕೆ ಮೂವತ್ತನೇ ವರ್ಷ ತುಂಬುವ ಹೊತ್ತಿಗೆ, 2002ರ ಜುಲೈಯಲ್ಲಿ, ಕ್ಷಮೆ ಬಂತು. ‘ಯುದ್ಧದಲ್ಲಿ ಇಲ್ಲದವರ’ ಮನೆಯವರಿಗೆ ಕ್ಷಮೆ. ಯುದ್ಧದಲ್ಲಿದ್ದವರ ಮನೆಯವರಿಗೆ ‘ನಿಮ್ಮ ನೋವನ್ನು ಗುರುತಿಸಿದ್ದೇವೆ’ ಎಂಬ ರಸೀದಿ. ಮೊದಲನೆಯದು ರಾಶಿ, ಎರಡನೆಯದು ಗೊರಬಲು. 2019ರ ಏಪ್ರಿಲ್‌ನಲ್ಲಿ ಡೆರಿ ಊರಿನ ಗಲಭೆಯಲ್ಲಿ ಲೈರಾ ಮೆಕೀ ಎಂಬ ಪತ್ರಕರ್ತೆ ಗುಂಡು ಬಿದ್ದು ಸತ್ತಳು. ಐಆರ್‌ಎಯ ಮರಿಸಂಘಟನೆ ‘ನ್ಯೂ ಐಆರ್‌ಎ’ ಪೂರ್ಣ ಪ್ರಾಮಾಣಿಕ ಕ್ಷಮೆ ಕೇಳಿತು. ಕೇಳುವಾಗಲೇ ಆಕೆ ‘ಶತ್ರುಪಡೆ’ಯ ಪಕ್ಕದಲ್ಲಿ ನಿಂತಿದ್ದಳು ಎಂದೂ ಸೇರಿಸಿತು. ಗುಂಡು ಸರಿಯಾಗಿಯೇ ಹೋಯಿತು, ಇವಳು ನಿಂತದ್ದೇ ತಪ್ಪು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 2005ರದು, ಇಲ್ಲಿ ದೊಡ್ಡಪ್ಪ ಹೆಣದ ವಿಷಯ ಕೇಳುತ್ತಿದ್ದ ವರ್ಷದ್ದೇ. ಬೆಲ್‌ಫಾಸ್ಟಿನ ಬಾರೊಂದರ ಜಗಳದಲ್ಲಿ ರಾಬರ್ಟ್ ಮೆಕಾರ್ಟ್ನಿ ಎಂಬಾತನ ಕೊಲೆಯಾಯಿತು. ಮಾಡಿದವರಲ್ಲಿ ಸಂಘಟನೆಯವರೇ ಇದ್ದಾರೆಂದು ಅವನ ಅಕ್ಕತಂಗಿಯರು ಬೀದಿಗಿಳಿದರು. ಐಆರ್‌ಎಗೆ ಮರ್ಯಾದೆಯ ಪ್ರಶ್ನೆ. ಮಾರ್ಚ್ 8ರಂದು ಹೇಳಿಕೆ ಕೊಟ್ಟಿತು: ತಪ್ಪಿತಸ್ಥರನ್ನು ನಾವೇ ಗುಂಡಿಟ್ಟು ಕೊಡುತ್ತೇವೆ ಎಂದು ಮನೆಯವರಿಗೆ ಹೇಳಿದ್ದೆವು. ಹುಳಿ ಮೊಸರು ಕೊಟ್ಟ ಅಂಗಡಿಯವನು “ಅದನ್ನ ಎಸೀರಿ, ಇನ್ನೊಂದ್ ಪಾಕೀಟು ಕೊಡ್ತೀನಿ” ಅನ್ನುವುದಿಲ್ಲವೇ? ಆ ಹೆಣ್ಣುಮಕ್ಕಳು ಬೇಡ, ಕೋರ್ಟಿಗೆ ಕೊಡಿ ಎಂದರು. ಅದೊಂದು ಸ್ಟಾಕ್ ಇರಲಿಲ್ಲ.

‘ಮಾಹಿತಿದಾರ’ ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಇದಕ್ಕೆ ಚಾಡಿಕೋರ ಎನ್ನುತ್ತಾರೆ. ಯಾರ ಗದ್ದೆಗೆ ಯಾರು ರಾತ್ರಿ ನೀರು ತಿರುಗಿಸಿದರು ಎಂಬುದರಿಂದ ಹಿಡಿದು, ಯಾರ ಬಿಪಿಎಲ್ ಕಾರ್ಡಿನ ಹಿಂದೆ ಟ್ರ್ಯಾಕ್ಟರ್ ನಿಂತಿದೆ ಎಂಬುದರವರೆಗೆ ಸಕಲ ಮಾಹಿತಿಯೂ ಸಕಲರಿಗೂ ಹೋಗುತ್ತದೆ. ಚಾಡಿ ಹೇಳಿದ್ದಕ್ಕೆ ಗುಂಡು ಎಂದು ಕಾನೂನು ಮಾಡಿದರೆ ಯಗಟಿ ಹೋಬಳಿಯ ಜನಗಣತಿಯನ್ನು ಒಬ್ಬ ಮೇಷ್ಟ್ರು ಊಟಕ್ಕೆ ಮುಂಚೆ ಮುಗಿಸಬಹುದು. ಆ ಮೇಷ್ಟ್ರೂ ಉಳಿದಿದ್ದರೆ.

ಐರ್ಲೆಂಡಿನಲ್ಲಿ ಮಾಹಿತಿದಾರರನ್ನು ಹಿಡಿದು, ತಪ್ಪೊಪ್ಪಿಗೆ ಟೇಪ್ ಮಾಡಿ, ಕೊಂದು ರಸ್ತೆ ಬದಿ ಎಸೆಯಲು ಐಆರ್‌ಎ ಒಳಗೇ ಒಂದು ವಿಭಾಗವಿತ್ತು. ಅದರ ಮುಖ್ಯರಲ್ಲಿ ಒಬ್ಬನೇ ಬ್ರಿಟಿಷ್ ಸೈನ್ಯದ ಮಾಹಿತಿದಾರ, ಗುಪ್ತನಾಮ ‘ಸ್ಟೇಕ್‌ನೈಫ್’! ಫ್ರೆಡ್ಡಿ ಸ್ಕಾಪಟಿಚಿ ಎಂಬವನೇ ಅವನು ಎಂದು ಪತ್ರಿಕೆಗಳು ಬರೆದವು. 2023ರಲ್ಲಿ ಸಾಯುವವರೆಗೂ ಅವನು ಅಲ್ಲ ಎನ್ನುತ್ತಲೇ ಇದ್ದ. ಅವನಿಂದ ಉಳಿದ ಜೀವಗಳಿಗಿಂತ ಹೋದ ಜೀವಗಳೇ ಹೆಚ್ಚು ಎಂದು 2024ರ ಮಾರ್ಚ್‌ನಲ್ಲಿ ಅಲ್ಲಿನ ತನಿಖಾ ವರದಿ ಹೇಳಿತು. ಚಾಡಿಕೋರರನ್ನು ಕೊಲ್ಲುವ ಕಮಿಟಿಗೆ ಚಾಡಿಕೋರನೇ ಯಜಮಾನ, ಅವನಿಗೆ ಸಂಬಳ ಕೊಡುವುದು ಸರ್ಕಾರ. ಹೊಣೆ ಹೊತ್ತ ಸಂಘಟನೆ, ಹೊಣೆ ಹೊರಿಸಿದ ಸರ್ಕಾರ ಎರಡೂ ಒಂದೇ ಕೈಯಲ್ಲಿ ಉಂಡವು.

ನಮ್ಮಲ್ಲಿ ಅಷ್ಟು ದೂರ ಹೋಗಲಿಲ್ಲ, ಕಬ್ಬಿನಾಲೆಯವರೆಗೆ ಹೋಯಿತು. ಹೆಬ್ರಿ ಬಳಿಯ ಆ ಕಾಡಿನಲ್ಲಿ 2011ರ ಡಿಸೆಂಬರ್‌ನಲ್ಲಿ ಒಬ್ಬ ಬಡ ಮಲೆಕುಡಿಯನನ್ನು ಮಾಹಿತಿದಾರನೆಂದು ಕೊಂದರು. 2024ರ ನವೆಂಬರ್ 18ರಂದು ಅದೇ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ. ಅವನೂ ಮಲೆಕುಡಿಯ. ಮಲೆಕುಡಿಯರ ಉದ್ಧಾರಕ್ಕಾಗಿ ಆ ಕಡೆಯವರೂ ಈ ಕಡೆಯವರೂ ಇಷ್ಟು ಶ್ರಮಪಟ್ಟಿದ್ದಾರೆ.

ಪೊಲೀಸರ ಹೇಳಿಕೆಯ ಬಗ್ಗೆ ಹೇಳದಿದ್ದರೆ ನನ್ನನ್ನೂ ಒಂದು ಕಡೆಯ ಮಾಹಿತಿದಾರ ಎಂದುಬಿಟ್ಟಾರು. ಅದಕ್ಕೂ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಇಟ್ಟಿರುತ್ತಾರೆ. ಖಚಿತ ಮಾಹಿತಿ ಬಂತು, ಶರಣಾಗಲು ಸೂಚಿಸಿದೆವು, ಅವರು ಗುಂಡು ಹಾರಿಸಿದರು, ಆತ್ಮರಕ್ಷಣೆಗೆ ನಾವೂ ಹಾರಿಸಿದೆವು, ಉಳಿದವರು ಕತ್ತಲಲ್ಲಿ ಪರಾರಿ. ತಾರೀಖು, ಊರು ಬದಲಿಸಿದರೆ ಬಲ್ಲಿಗೆ, ಪೀತಬೈಲು ಯಾವುದಕ್ಕೂ ಸೈ. 2007ರ ಜುಲೈ 10ರಂದು ಕೊಪ್ಪದ ಒಡೆಯರಮಠದಲ್ಲಿ ಒಂದು ಮನೆಯಲ್ಲಿ 5 ಜನ ಸತ್ತರು, ಆ ಮನೆಯವರೂ ಸೇರಿ. ಬಾಗಿಲು ತೆಗೆದವರಿಗೂ ಒಳಗೆ ಉಣ್ಣುತ್ತಿದ್ದವರಿಗೂ ವ್ಯತ್ಯಾಸ ಮಾಡುವ ಕಾಲಂ ಆ ಫಾರಂನಲ್ಲಿ ಇರಲಿಲ್ಲ. ಪ್ರತಿ ಎನ್‌ಕೌಂಟರಿಗೂ ಎಫ್‌ಐಆರ್, ಸ್ವತಂತ್ರ ತನಿಖೆ ಆಗಬೇಕು, ಕೂಡಲೇ ಬಡ್ತಿ ಪದಕ ಕೊಡಬಾರದು ಎಂದು 2014ರಲ್ಲಿ ಸುಪ್ರೀಂ ಕೋರ್ಟು 16 ಸೂತ್ರ ಬರೆದುಕೊಟ್ಟಿದೆ. ಕೊಟ್ಟಿದೆ.

ಈ ಸಾಹಿತ್ಯ ಪ್ರಕಾರದ ಆದಿಕವಿ ಧರ್ಮರಾಯ. ‘ಅಶ್ವತ್ಥಾಮ ಸತ್ತ’ ಎನ್ನುವುದನ್ನು ರಣರಂಗಕ್ಕೆಲ್ಲ ಕೇಳುವ ಹಾಗೆ ಹೇಳಿ, ‘ಆನೆ’ ಎನ್ನುವುದನ್ನು ಗಂಟಲಲ್ಲೇ ನುಂಗಿದ. ಮೊದಲ ಭಾಗ ಪತ್ರಿಕಾ ಪ್ರಕಟಣೆ, ಎರಡನೆಯದು ಅಡಿಟಿಪ್ಪಣಿ. ಪ್ರಕಟಣೆಯಿಂದ ದ್ರೋಣ ಸತ್ತ, ಅಡಿಟಿಪ್ಪಣಿಯಿಂದ ಧರ್ಮರಾಯ ಸ್ವರ್ಗಕ್ಕೆ ಹೋದ. ಜೈಮಿನಿ ಭಾರತ ಬರೆದ ಲಕ್ಷ್ಮೀಶ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ಅಶ್ವಮೇಧದ ಕುದುರೆ ಆ ಮಟ್ಟಿಗೆ ಧರ್ಮರಾಯನಿಗಿಂತ ಮೇಲು. ಯಾರದು, ಏಕೆ ಬಂದಿದೆ, ತಡೆದರೆ ಏನಾಗುತ್ತದೆ ಎಂಬುದನ್ನು ಹಣೆಯ ಮೇಲೇ ಕಟ್ಟಿಕೊಂಡು ತಿರುಗುತ್ತಿತ್ತು. ವಿಳಾಸ ಸಮೇತ. ಬ್ರಿಟಿಷ್ ಸರ್ಕಾರಕ್ಕೆ ಆ ಕುದುರೆಯ ಯೋಗ್ಯತೆ ಬರಲು 38 ವರ್ಷ ಹಿಡಿಯಿತು. 1972ರ ಜನವರಿ 30ರಂದು ಡೆರಿಯಲ್ಲಿ ಅದರ ಸೈನಿಕರು ಮೆರವಣಿಗೆಯವರ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದರು. ಮೊದಲ ವರದಿ ಹೆಚ್ಚುಕಮ್ಮಿ ಸತ್ತವರದೇ ತಪ್ಪು ಎಂದಿತು. ಸಮರ್ಥನೆಯೇ ಇಲ್ಲದ ಕೊಲೆ ಎಂದು ಪ್ರಧಾನಿ ಒಪ್ಪಿಕೊಂಡದ್ದು 2010ರ ಜೂನ್‌ನಲ್ಲಿ.

ನಡುವೆ ವೀರಪ್ಪನ್‌ನನ್ನೂ ನೆನೆಯಬೇಕು. ಅವನದು ಕ್ಯಾಸೆಟ್ ಸಂಪ್ರದಾಯ. 2002ರಲ್ಲಿ ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯಿಂದ ಎತ್ತಿಕೊಂಡು ಹೋದ, ಡಿಸೆಂಬರ್‌ನಲ್ಲಿ ಕಾಡಿನಲ್ಲಿ ಅವರ ಹೆಣ ಸಿಕ್ಕಿತು. ಅಪಹರಣ ನನ್ನದು, ಕೊಲೆ ತಮಿಳುನಾಡು ಪೊಲೀಸರದು ಎಂದ. ಹೊಣೆಯಲ್ಲೂ ಅರ್ಧ ಪಾಲು.

ಇವರೆಲ್ಲ ಹಳೇ ಕಾಲದವರು. ಹೊಸಬರು ಜಾಣರು, ಕರಪತ್ರವನ್ನೇ ಬಿಟ್ಟಿದ್ದಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲು ಬಡಿದರು. 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಮನೆಗೇಟಿನ ಹತ್ತಿರ ಕಾದರು. ಇದೇ ಗೌರಿ, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯನವರ ಜತೆ ನಿಂತು, 2014ರಲ್ಲಿ ನಕ್ಸಲರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಬಂದೂಕು ಬಿಟ್ಟು ನಮ್ಮ ಜಿಲ್ಲೆಯಲ್ಲೇ ಹೊರಗೆ ಬರಲು ದಾರಿ ಮಾಡಿದ್ದವರು. ಕೊಂದವರು ಚೀಟಿ ಬಿಡಲಿಲ್ಲ, ಕ್ಯಾಸೆಟ್ ಕಳಿಸಲಿಲ್ಲ, ಒಬ್ಬ ಸುಳ್ಳು ಓನೀಲ್ ಕೂಡ ಸಹಿ ಹಾಕಲಿಲ್ಲ. ಮೊಬೈಲಿನಲ್ಲಿ ಸಂಭ್ರಮಿಸುವವರು ಬೇಕಾದಷ್ಟು ಜನ ಸಿಕ್ಕರು. ವಿಚಾರಣೆ ನಡೆಯುತ್ತಿರುವಾಗಲೇ, 2024ರ ಅಕ್ಟೋಬರ್‌ನಲ್ಲಿ, ಗೌರಿ ಕೊಲೆ ಪ್ರಕರಣದಲ್ಲಿ ಜಾಮೀನು ಪಡೆದ ಇಬ್ಬರು ಆರೋಪಿಗಳಿಗೆ ವಿಜಯಪುರದಲ್ಲಿ ಹಾರ ಹಾಕಿ ಶಾಲು ಹೊದೆಸಿದರು. ಅವರು ತಪ್ಪಿತಸ್ಥರೋ ಅಲ್ಲವೋ ಕೋರ್ಟು ಹೇಳಲಿ. ಹಾರ ಹಾಕಿದವರಿಗೆ ಮಾತ್ರ ಅನುಮಾನ ಇದ್ದಂತಿರಲಿಲ್ಲ. ಇದ್ದಿದ್ದರೆ, ನಿರಪರಾಧಿಗೆ ಯಾವ ಸಾಧನೆಗೆಂದು ಹಾರ ಹಾಕುತ್ತಾರೆ?

2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ 6 ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಗುಲಾಬಿ ಕೊಟ್ಟರು, ಸಂವಿಧಾನದ ಪ್ರತಿ ಕೊಟ್ಟರು, ಫೋಟೊ ಚೆನ್ನಾಗಿ ಬಂತು. ಬಂದೂಕುಗಳು ಆ ಫೋಟೊದಲ್ಲಿ ಇರಲಿಲ್ಲ; ಕೆಲವು ದಿನದ ಮೇಲೆ ಕೊಪ್ಪದ ಕಾಡಿನಲ್ಲಿ ಸಿಕ್ಕವು. 2005ರಲ್ಲಿ ಐಆರ್‌ಎ ಶಸ್ತ್ರ ನಾಶ ಮಾಡಿದಾಗಲೂ ಫೋಟೊ ತೆಗೆಯಲು ಬಿಡಲಿಲ್ಲ, ಇಬ್ಬರು ಪಾದ್ರಿಗಳು ನೋಡಿದ್ದೇವೆ ಎಂದರು. ಬಂದೂಕಿಗೆ ಎಲ್ಲ ದೇಶದಲ್ಲೂ ನಾಚಿಕೆ ಸ್ವಭಾವ. ಶರಣಾಗುವವರಿಗೆ ಎ, ಬಿ, ಸಿ ಎಂದು ವರ್ಗ ಮಾಡಿ ಪ್ಯಾಕೇಜು ಇದೆ. ಬೇಡವೆನ್ನುವುದಿಲ್ಲ, ಕಾಡಿನಿಂದ ಜೀವಂತ ಬಂದವರು ಬದುಕಲಿ. ಗುಲಾಬಿ ಗೊಂಚಲಿನಲ್ಲಿ ಮೆಣಸಿನಹಾಡ್ಯಕ್ಕೆ, ಕಬ್ಬಿನಾಲೆಗೆ, ಒಡೆಯರಮಠಕ್ಕೆ, ವೆಂಕಟಮ್ಮನಹಳ್ಳಿಯಲ್ಲಿ ಸತ್ತ ಪೊಲೀಸರ ಮನೆಗೆ ಎಷ್ಟು ಹೂ ಹೋದವು ಎಂದಷ್ಟೇ ಕೇಳುತ್ತಿದ್ದೇನೆ.

ಬೆಲ್‌ಫಾಸ್ಟಿನಲ್ಲಿ ಜೀನ್ ಮೆಕಾನ್ವಿಲ್ ಎಂಬ ವಿಧವೆ ಇದ್ದಳು, ಹತ್ತು ಮಕ್ಕಳ ತಾಯಿ. 1972ರ ಡಿಸೆಂಬರ್‌ನಲ್ಲಿ ಮಾಹಿತಿದಾರಳೆಂದು ಐಆರ್‌ಎಯವರು ಮನೆಯಿಂದ ಎಳೆದೊಯ್ದರು. ಈ ಸಲ ಪಿ. ಓನೀಲ್ ಬಾಯಿ ಬಿಡಲಿಲ್ಲ. ನಾವೇ ಕೊಂದೆವು ಎಂದು ಒಪ್ಪಿಕೊಂಡದ್ದು 1999ರಲ್ಲಿ, ಹೂತ ಜಾಗ ಹೇಳಿದ್ದು ತಪ್ಪು. 2003ರಲ್ಲಿ ಸಮುದ್ರದ ದಂಡೆಯಲ್ಲಿ ಅಡ್ಡಾಡುತ್ತಿದ್ದವರ ಕಣ್ಣಿಗೆ ಮೂಳೆ ಬಿತ್ತು. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದ್ದೆ, ಕಿವಿ ಹತ್ತಿರ ಬಾಯಿಟ್ಟು, ಎರಡೆರಡು ಸಲ. ಅವರು ಬಹಳ ಹೊತ್ತು ಲೆಕ್ಕ ಹಾಕುತ್ತಾ ಕೂತರು. ಕೊನೆಗೆ ಕೇಳಿದ್ದು: “ಆ ಮಕ್ಳು ಮೂವತ್ ವರ್ಷ ತಿಥಿ ಯಾವತ್ ಮಾಡಿದ್ವು?”

ದೊಡ್ಡಪ್ಪ ಈಗಿಲ್ಲ. ಕಾರ್ಡು ಕಡೂರಿನಲ್ಲಿ ಅಚ್ಚಾಯಿತು, ಕೆಳಗೆ 23 ಹೆಸರು, ಕೋರ್ಟಿಗೆ ಹೋದ ತಮ್ಮನದೂ ಸೇರಿ. ಹೊತ್ತದ್ದು ನಾಲ್ಕು ಜನ. ಮುಂದೆ ಎಡಗಡೆ ನಾನಿದ್ದೆ.

ಇನ್ನು ಮುಂದೆ ಕರಪತ್ರ, ಕ್ಯಾಸೆಟ್, ಪ್ರಕಟಣೆ ಬರೆಯುವ ಎಲ್ಲ ಕಡೆಯ ಮಹನೀಯರಲ್ಲಿ ಯಗಟಿಯಿಂದ ಒಂದು ಅರಿಕೆ. ಕೆಳಗೆ ನಿಜವಾದ ಹೆಸರು, ಊರು, ತಾಲ್ಲೂಕು ಬರೆಯಿರಿ. ಹನ್ನೊಂದನೇ ದಿನ ಆ ಮನೆಗೆ ಹೋಗಿ. ಬಾಗಿಲಲ್ಲಿ ಕಾಲು ತೊಳೆಯಲು ನೀರಿಟ್ಟಿರುತ್ತಾರೆ. ನಮ್ಮ ಕಡೆಯಾದರೆ ಟ್ಯಾಂಕರ್ ನೀರು, ನೋಡಿ ಬಳಸಿ.